ವಿಂಡೋಸ್ ಹೊಸದಾಗಿ ಹಾಕೋ ಮುಂಚೆ ಬ್ಯಾಕಪ್ ಹೀಗೆ ಮಾಡಿ

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತವೆ. ಫಾರ್ಮ್ಯಾಟ್ ಆದರೆ ಅಷ್ಟೂ ಹೋಯ್ತು. ಡಿ ಡ್ರೈವ್‌ಗೆ ಹಾಕಿಟ್ರೆ ಸಾಕು ಅಂತ ಬಿಡಬೇಡಿ, ಇನ್‌ಸ್ಟಾಲ್ ಮಾಡುವಾಗ ತಪ್ಪು ಪಾರ್ಟಿಷನ್ (ಡಿಸ್ಕ್‌ನ ಭಾಗ) ಅಳಿಸಿದರೆ ಅದೂ ಇಲ್ಲ. ಬೇರೆ ಹಾರ್ಡ್‌ಡಿಸ್ಕ್‌ಗೇ ಕಾಪಿ ಮಾಡಿ. ಪೆನ್‌ಡ್ರೈವ್ ಎಫ್‌ಎಟಿ32 (ಫೈಲ್ ಜೋಡಿಸಿಡುವ ಒಂದು ಹಳೇ ವಿಧಾನ) ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹೋಗಲ್ಲ, ಮದುವೆ ವಿಡಿಯೋ ಇದ್ದರೆ ಅಲ್ಲೇ ನಿಲ್ಲುತ್ತೆ.

ಮೈಸೂರಿನಲ್ಲಿ ಲಗ್ನಪತ್ರಿಕೆ, ಕರಪತ್ರ ಟೈಪ್ ಮಾಡುವ ಡಿಟಿಪಿಯವರು ಇದನ್ನು ಖಂಡಿತ ಮರೀಬೇಡಿ: ಫಾಂಟ್‌ಗಳು. ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ ಫೈಲ್ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವಧುವಿನ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸ್‌ನಿಂದ ಅವನ್ನು ಎತ್ತಿಡಿ. ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ಇದ್ದರೆ ಅದರೊಳಗಿಂದಲೇ ಬ್ಯಾಕಪ್ ತೆಗೆಯಿರಿ.

ಬಿಟ್‌ಲಾಕರ್ (ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದಿಡಿ. ಬ್ರೌಸರ್ ಬುಕ್‌ಮಾರ್ಕ್, ಪಾಸ್‌ವರ್ಡ್ ನಿಮ್ಮ ಆನ್‌ಲೈನ್ ಖಾತೆಗೆ ಸಿಂಕ್ ಆಗಿದೆಯಾ ನೋಡಿ.

ಕಾಪಿ ಮುಗಿದ ಮೇಲೆ ಸುಮ್ನೆ ಫೋಲ್ಡರ್ ಸೈಜ್ ನೋಡಿ ಬಿಡಬೇಡಿ. ಹಾರ್ಡ್‌ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ ನಾಲ್ಕೈದು ಫೋಟೋ, ಒಂದೆರಡು ಕನ್ನಡ ಫೈಲ್ ತೆರೆದು ನೋಡಿ. ಆಮೇಲೆ ಡಿಸ್ಕ್ ಬಿಚ್ಚಿಟ್ಟು ಇನ್‌ಸ್ಟಾಲ್ ಶುರು ಮಾಡಿ.