ಅಂಬಲಿ ಹಲಸಿನ ವಿನೆಗರ್, ನುಸಿ ಕಾಟ ಮತ್ತು ನಾನು

ಮೂಡಿಗೆರೆ ಕಡೆ ಅಂಬಲಿ ಹಲಸಿಗೆ, ಅಂದರೆ ತೊಳೆ ಮೆತ್ತಗೆ ಲೋಳೆಯಾಗಿರುವ ಜಾತಿಗೆ, ಬೆಲೆ ಇಲ್ಲ. ಸಖರಾಯಪಟ್ಟಣದ ಹಣ್ಣಿಗಾದರೆ ರಸ್ತೆ ಬದಿಯಲ್ಲೇ ಗಿರಾಕಿ. ನಮ್ಮದು ದನ ತಿಂದು ಉಳಿದದ್ದು ಕಾಫಿ ಗಿಡದ ಬುಡದಲ್ಲಿ ಕೊಳೆಯಬೇಕು. ಅದರಲ್ಲಿ ವಿನೆಗರ್ ಮಾಡ್ತೀನಿ ಅಂದಾಗ ಚಿಕ್ಕಪ್ಪ, "ನುಸಿ ಸಾಕೋಕೆ ಡ್ರಮ್ ಬೇರೆ ಬೇಕೇನೋ?" ಅಂದಿದ್ದರು. ಈಗ ಅವರ ಮನೆ ಹಂದಿ ಸಾರಿಗೆ ನನ್ನ ಬಾಟಲಿಯೇ ಹೋಗುತ್ತದೆ.

ಮೊದಮೊದಲ ಮಳೆಗಾಲದ ಮಾಲೆಲ್ಲ ತಿಪ್ಪೆ ಪಾಲು. ಸಕ್ಕರೆ, ಯೀಸ್ಟ್, ಡ್ರಮ್ ಸೇರಿ ಆರೇಳು ಸಾವಿರ ಹೋಗಿರಬೇಕು. ಸೊಳ್ಳೆ ಪರದೆ ಕಟ್ಟಿ ನೋಡಿದೆ. ಅದರ ಕಣ್ಣಲ್ಲಿ ಕೊಳೆತ ಹಣ್ಣಿಗೆ ಮುತ್ತುವ, ಎರಡು ಮೂರು ಮಿಲಿಮೀಟರ್‌ನ ಈ ನುಸಿ ಆರಾಮಾಗಿ ನುಗ್ಗುತ್ತದೆ. ಮೊಟ್ಟೆ ಒಂದೇ ದಿನಕ್ಕೆ ಒಡೆಯುತ್ತದೆ, ಬೆಚ್ಚಗಿದ್ದರೆ ಹತ್ತು ದಿನಕ್ಕೆ ಹೊಸ ಸಂತಾನ ರೆಡಿ. ಪರದೆ ಎತ್ತಿದರೆ ಡ್ರಮ್ಮಿನ ಅಂಚಿಗೆಲ್ಲ ಬಿಳಿ ಹುಳ, ಅಕ್ಕಿ ನುಚ್ಚು ಚೆಲ್ಲಿದ ಹಾಗೆ. ಜೊತೆಗೆ ಜುಲೈ ಥಂಡಿ. ಹುಳಿ ಏರುವುದೇ ಇಲ್ಲ, ಮೇಲೆ ಸುಕ್ಕು ಕೆನೆ ಕಟ್ಟುತ್ತದೆ ಅಷ್ಟೆ.

ಈಗ ಎರಡು ಹಂತವನ್ನೂ ಬೇರೆ ಮಾಡಿದ್ದೇನೆ. ಯೀಸ್ಟ್ ಸಕ್ಕರೆಯನ್ನು ಮದ್ಯ ಮಾಡಿ ಮುಗಿಸುವ ತನಕ ಕ್ಯಾನ್ ಪೂರ್ತಿ ಬಂದ್. ಮುಚ್ಚಳಕ್ಕೆ ಸಣ್ಣ ಪೈಪ್ ಹಾಕಿ ತುದಿಯನ್ನು ನೀರಿನ ಬಾಟಲಿಗೆ ಇಳಿಸುತ್ತೇನೆ. ಗುಳ್ಳೆ ನಿಂತ ಮೇಲೆ ಸೋಸಿ ಅಗಲ ಬಾಯಿಯ ಭರಣಿಗೆ, ಅಲ್ಲಿ ಗಾಳಿ ಆಡಿ ಮದ್ಯ ಹುಳಿಯಾಗುತ್ತದೆ. ಹಲಸಿನ ರಸ ಜಿಗಟು, ಸುಮ್ನೆ ಸೋಸಿದರೆ ಇಳಿಯುವುದಿಲ್ಲ. ಅದಕ್ಕೆ ನಾನು ಹಾಕುವ ಸೊಪ್ಪಿನ ಹೆಸರು ಮಾತ್ರ ಕೇಳಬೇಡಿ.

ಭರಣಿಗೆ ಹಳೆ ವಿನೆಗರ್ ಕಾಲು ಭಾಗ ಬೆರೆಸಲೇಬೇಕು. ಕುದಿಸದ್ದು, ತಾಯಿಪದರ (ಹುಳಿ ಮಾಡುವ ಬ್ಯಾಕ್ಟೀರಿಯಾ ಕಟ್ಟುವ ಲೋಳೆ ಪದರ) ಇರುವಂಥದ್ದು. ಮೊದಲೇ ಹುಳಿ ಇದ್ದರೆ ಬೂಸ್ಟು ಬರುವುದು ಕಡಿಮೆ. ಬಾಯಿಗೆ ಹಳೆ ಪಂಚೆ ಎರಡು ಪದರ, ಮೇಲೆ ಸೈಕಲ್ ಟ್ಯೂಬಿನ ಬಿಗಿ. ಇಡುವುದು ಬಚ್ಚಲ ಹಂಡೆ ಒಲೆಯ ಪಕ್ಕ. ನನ್ನಾಕೆ ಒಂದು ವಾರ ಮಾತು ಬಿಟ್ಟಿದ್ದಳು, ವಾಸನೆಗೆ. ಆದರೆ ಥಂಡಿಯಲ್ಲಿ ಮೂರು ತಿಂಗಳು ಎಳೆದದ್ದು ಅಲ್ಲಿ ಐದಾರು ವಾರಕ್ಕೆ ಮುಗಿಯಿತು.

ನುಸಿ ಓಡಾಡುವುದು ಬೆಳಿಗ್ಗೆ, ಸಂಜೆ ಜಾಸ್ತಿ. ಅದಕ್ಕೇ ಭರಣಿ ತೆಗೆಯುವುದಿದ್ದರೆ ರಾತ್ರಿ ಊಟ ಆದ ಮೇಲೆ. ನುಸಿ ಹಿಡಿಯುವ ಬಲೆಗೆ ಬರೀ ವಿನೆಗರ್ ಸಾಲದು. ಕಪ್ಪಾದ ಪುಟ್ಟಬಾಳೆ ಕಿವುಚಿ, ಪಾತ್ರೆ ತೊಳೆಯುವ ಸೋಪು ಒಂದು ಹನಿ ಬಿಡಿ. ಸೋಪಿಲ್ಲದಿದ್ದರೆ ಕುಡಿದು ಹಾರಿ ಹೋಗುತ್ತವೆ! ಒದ್ದೆ ಮಸಿಬಟ್ಟೆ, ಬಚ್ಚಲ ತೂಬು ನೋಡಿಕೊಳ್ಳಿ, ಅಲ್ಲೂ ಮರಿ ಮಾಡುತ್ತವೆ.

ಕಾಫಿ ಹಣ್ಣಿನ ಸಿಪ್ಪೆಯಲ್ಲೂ ಮಾಡಿ ನೋಡಿದೆ. ಹುಳಿ ಬಂತು, ಒಗರು ಹೋಗಲಿಲ್ಲ, ಬಿಟ್ಟೆ. ಹಸಿ ಕಾಳುಮೆಣಸಿನ ಗೊನೆಯನ್ನು ಹಲಸಿನ ವಿನೆಗರ್‌ನಲ್ಲಿ ಇಟ್ಟದ್ದು ಮಾತ್ರ ಚೆನ್ನಾಗಿ ಕೈ ಹಿಡಿಯಿತು. ಆದರೆ ಹುಳಿ ಎಷ್ಟಿದೆ ಅಂತ ಅಳೆಯದೆ ಉಪ್ಪಿನಕಾಯಿಗೆ ಹಾಕಬೇಡಿ, ನಾಲಿಗೆ ಲೆಕ್ಕ ನಂಬುವ ಹಾಗಿಲ್ಲ. ಮಾರುವ ವಿನೆಗರ್‌ನಲ್ಲಿ ಅಸಿಟಿಕ್ ಆಮ್ಲ ಕನಿಷ್ಠ ಶೇ 3.75 ಇರಬೇಕು ಅಂತ ನಿಯಮ. ನನ್ನದು 5ರ ಹತ್ತಿರ ಬರುತ್ತದೆ.

ಈ ಸಲ ಅರವತ್ತು ಲೀಟರ್ ಆಸುಪಾಸು ಸಿಕ್ಕಿತು. ಅರ್ಧ ಲೀಟರಿಗೆ 150 ರೂಪಾಯಿ, ಹೋಂಸ್ಟೇಯವರು ಚೌಕಾಸಿ ಮಾಡದೆ ಒಯ್ದರು. ಚಿಕ್ಕಪ್ಪನಿಗೆ ಮಾತ್ರ ಫ್ರೀ.