ಹಳೆ ಗೋಡೆಗಳಿಗೆ ನೆತ್ತಿಯ ಬಿಸಿಲು

ಫಿಲ್ಮ್ ಕ್ಯಾಮೆರಾ ಹಿಡಿದು ಬೆಂಗಳೂರಿನ ಪೇಟೆ ಬೀದಿಗಳಿಗೆ ಹೊರಡುವವರಿಗೆ ಒಂದು ಸಲಹೆ. ಬೆಳಗಿನ ಎಳೆಬಿಸಿಲೇ ಶ್ರೇಷ್ಠ ಎಂಬ ಮಾತು ಇಲ್ಲಿ ಪೂರ್ತಿ ನಿಜವಲ್ಲ. ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಅಕ್ಕಪಕ್ಕದ ಎಷ್ಟೋ ಗಲ್ಲಿಗಳು ಬಹಳ ಇಕ್ಕಟ್ಟು. ಸೂರ್ಯ ಮೇಲೇರುವವರೆಗೂ ಅಲ್ಲಿ ಬಿಸಿಲು ಇಳಿಯುವುದಿಲ್ಲ. ಉತ್ತರ ದಕ್ಷಿಣವಾಗಿ ಸಾಗುವ ಗಲ್ಲಿಯಲ್ಲಿ ಮಧ್ಯಾಹ್ನದ ಆಸುಪಾಸು ನಿಂತು ನೋಡಿ: ಬೆಳಕು ಗೋಡೆಯನ್ನು ಸವರಿಕೊಂಡು ಇಳಿಯುತ್ತದೆ. ಎದ್ದ ಗಾರೆಯ ಒಂದೊಂದು ಹಕ್ಕಳೆಗೂ ಆಗ ನೆರಳು ಹುಟ್ಟುತ್ತದೆ. ಸುಣ್ಣದ ಪದರಗಳು, ಅರ್ಧ ಹರಿದ ಪೋಸ್ಟರ್, ತುಕ್ಕು ಹಿಡಿದ ಕಿಟಕಿ ಸರಳು ಎಲ್ಲಕ್ಕೂ ಮೈ ಬರುತ್ತದೆ. ಆ ಹೊತ್ತೆಂದರೆ ನನಗೆ ಪ್ರಾಣ.

ಬೆಳಕನ್ನು ಅಳೆಯುವ ಲೈಟ್ ಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ. ಅದು ಎಲ್ಲವನ್ನೂ ನಡುಬೂದು ಎಂದೇ ಲೆಕ್ಕ ಹಾಕುತ್ತದೆ, ಹೀಗಾಗಿ ಸುಣ್ಣ ಬಳಿದ ಬಿಳಿ ಗೋಡೆ ಮಂಕಾಗುತ್ತದೆ. ಚೌಕಟ್ಟಿನ ತುಂಬ ಗೋಡೆಯೇ ಇದ್ದರೆ ಒಂದರಿಂದ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು) ಹೆಚ್ಚು ಬೆಳಕು ಕೊಡಿ. ಕ್ಯಾಮೆರಾದಲ್ಲಿ ಮೀಟರ್ ಇಲ್ಲದಿದ್ದರೆ, 400 ಐಎಸ್‌ಒ (ಬೆಳಕಿಗೆ ಫಿಲ್ಮಿನ ಸಂವೇದನೆಯ ಅಳತೆ) ಫಿಲ್ಮಿಗೆ ನೇರ ಬಿಸಿಲಿನಲ್ಲಿ ಲೆನ್ಸಿನ ಕಿಂಡಿ ಎಫ್/16, ಷಟರ್ ವೇಗ 1/500 ಸೆಕೆಂಡು. ತೆರೆದ ನೆರಳಿನಲ್ಲಿ, ಅಂದರೆ ನೇರ ಬಿಸಿಲಿಲ್ಲದೆ ಮೇಲೆ ಆಕಾಶ ಕಾಣುವಲ್ಲಿ, ಅದೇ ವೇಗಕ್ಕೆ ಎಫ್/4. ಇಲ್‌ಫೋರ್ಡ್ ಎಚ್‌ಪಿ5ನಂಥ ಕಪ್ಪು ಬಿಳುಪು ನೆಗೆಟಿವ್ ಹೆಚ್ಚು ಬೆಳಕನ್ನು ತಾಳಿಕೊಳ್ಳುತ್ತದೆ. ಕಡಿಮೆಯಾದರೆ ಮಾತ್ರ ನೆರಳಿನ ವಿವರ ಹೋಗಿಯೇ ಬಿಡುತ್ತದೆ. ಅನುಮಾನ ಬಂದಾಗ ನೆರಳಿನ ಪರ ವಹಿಸಿ, ಅಂದರೆ ತುಸು ಹೆಚ್ಚೇ ಬೆಳಕು ಕೊಡಿ.

ಇನ್ನೊಂದು ಮಾತು. ನಮಗೆ ಪಾಳು ಎನಿಸುವ ಜಗಲಿ ಯಾರದೋ ಮನೆಯ ಮುಂಬಾಗಿಲು. ಕ್ಯಾಮೆರಾ ಎತ್ತುವ ಮೊದಲು ಕೇಳಿ. ಮನೆಯವರಿಗೆ ಬಿಡುವಿದ್ದರೆ ಹಿತ್ತಲ ಗೋಡೆಯನ್ನೂ ಅವರೇ ತೋರಿಸಬಹುದು.