ಒಣಗಿ ಗಟ್ಟಿಯಾದ ಬೈಕ್ ರಬ್ಬರುಗಳನ್ನು ಮೆತ್ತಗಾಗಿಸಿದ ನನ್ನ ಅನುಭವ

ಗಟ್ಟಿಯಾದ ಮ್ಯಾನಿಫೋಲ್ಡ್ ರಬ್ಬರನ್ನು (ಕಾರ್ಬರೇಟರನ್ನು ಇಂಜಿನ್ನಿಗೆ ಸೇರಿಸುವ ಕೊಳವೆ) ವಿಂಟರ್‌ಗ್ರೀನ್ ಎಣ್ಣೆಯ ಮಿಶ್ರಣದಲ್ಲಿ ನೆನೆಹಾಕಿ ಮತ್ತೆ ಬಳಕೆಗೆ ತರಬಹುದು ಎಂದು ನಾನು ಹೇಳಿದಾಗ, ಚಿಕ್ಕಮಗಳೂರಿನಲ್ಲಿ ಹಳೆಯ ಟೂ ಸ್ಟ್ರೋಕ್ ಗಾಡಿಗಳನ್ನು ಬಿಚ್ಚಿ ಜೋಡಿಸುವವರಲ್ಲಿ ಒಬ್ಬರೂ ನಂಬಲಿಲ್ಲ. ನನಗಿಂತ ಹಿರಿಯರಾದ ಹಾಸನದ ಮೇಸ್ತ್ರಿಯೊಬ್ಬರಂತೂ, "ಮಂಡಿನೋವಿಗೆ ಹಚ್ಚೋ ಎಣ್ಣೇನ ಕಾರ್ಬರೇಟರ್ ರಬ್ಬರಿಗೆ ಹಚ್ತೀಯಲ್ಲೋ, ಮುನ್ನೂರು ರೂಪಾಯಿ ಬಿಸಾಕಿದ್ರೆ ಹೊಸಾದೇ ಬರ್ತದಲ್ಲ" ಎಂದು ನಕ್ಕಿದ್ದರು. ಈಗ ಅವರ ಅಂಗಡಿಯಿಂದಲೇ ಎರಡು ಮೂರು ತಿಂಗಳಿಗೊಮ್ಮೆ ಬಸ್ಸಿನಲ್ಲಿ ನನಗೆ ರಬ್ಬರುಗಳ ಪೊಟ್ಟಣ ಬರುತ್ತಿರುವುದರಿಂದ, ಮಾಡುವ ಬಗೆಯನ್ನು ಬರೆದಿಡಲು ಇದು ತಕ್ಕ ಸಮಯವೆಂದು ತೋರಿತು. ಗಾಡಿ ಬಿಚ್ಚುವುದು, ಗಾಳಿ ಎಳೆಯುತ್ತಿದೆಯೇ ಎಂದು ನೋಡುವುದು ಮುಂತಾದವು ಓದುವವರಿಗೆ ಗೊತ್ತಿರುತ್ತವೆ ಎಂದು ಭಾವಿಸಿದ್ದೇನೆ.

ಮುನ್ನೂರು ರೂಪಾಯಿಯ ಹೊಸ ರಬ್ಬರಿನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಯಮಹಾ ಆರ್‌ಎಕ್ಸ್ 100 ತಯಾರಾದದ್ದು 1985ರಿಂದ 1996ರವರೆಗೆ; ಜಾವಾ, ಯೆಜ್ಡಿ ಗಾಡಿಗಳನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದೂ 1996ರಲ್ಲಿಯೇ. ಅಂದರೆ ಈ ಗಾಡಿಗಳ ಮೇಲೆ ಉಳಿದಿರುವ ಕಂಪನಿಯ ರಬ್ಬರು ಯಾವುದಿದ್ದರೂ ಮೂವತ್ತರ ಆಸುಪಾಸಿನದು. ಮುನ್ನೂರಕ್ಕೆ ಸಿಗುವ ಡೂಪ್ಲಿಕೇಟ್ ಮ್ಯಾನಿಫೋಲ್ಡ್ ನೋಡಲು ಕಪ್ಪಗೆ ಮಿರಮಿರನೆ ಹೊಳೆಯುತ್ತದೆಯಾದರೂ, ಒಳಗಿನ ರಂಧ್ರ ಫ್ಲೇಂಜಿನ (ಇಂಜಿನ್ನಿಗೆ ಬಿಗಿಯುವ ಲೋಹದ ತಟ್ಟೆಯ) ರಂಧ್ರಕ್ಕೆ ಸರಿಯಾಗಿ ಕೂರುವುದಿಲ್ಲ, ಕ್ಲಾಂಪು ಬಿಗಿಯುವ ಅಂಚು ದಪ್ಪವಾಗಿರುತ್ತದೆ, ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಹಳೆಯದಕ್ಕಿಂತ ಗಟ್ಟಿಯಾಗಿರುತ್ತದೆ. ಪೊಟ್ಟಣ ಒಡೆಯದ ಹಳೆಯ ದಾಸ್ತಾನಿನ ಅಸಲಿ ರಬ್ಬರು ಬೆಂಗಳೂರಿನಲ್ಲಿ ಸಿಕ್ಕರೆ ಒಂದೂವರೆ ಸಾವಿರ, ಎರಡು ಸಾವಿರ ಕೇಳುತ್ತಾರೆ. ಅಷ್ಟು ಕೊಟ್ಟು ತಂದದ್ದೂ ಮೂವತ್ತು ವರ್ಷ ಕಪಾಟಿನಲ್ಲಿದ್ದು ಮರದಂತೆ ಗಟ್ಟಿಯಾಗಿದ್ದ ಉದಾಹರಣೆ ನನ್ನಲ್ಲಿದೆ. ಗಟ್ಟಿ ರಬ್ಬರಿನ ಬದಿಯಿಂದ ಗಾಳಿ ಎಳೆದು, ಮಿಕ್ಸ್ಚರ್ ತೆಳುವಾಗಿ (ಗಾಳಿಗೆ ಬೆರೆಯುವ ಪೆಟ್ರೋಲ್ ಕಡಿಮೆಯಾಗಿ), ಮುಳ್ಳಯ್ಯನಗಿರಿಯ ಏರಿನಲ್ಲಿ ಪಿಸ್ಟನ್ ಹಿಡಿದುಕೊಂಡರೆ ಬೋರು, ಪಿಸ್ಟನ್, ಕೂಲಿ ಸೇರಿ ಐದಾರು ಸಾವಿರ ಹೋಗುತ್ತದೆ. ಆದ್ದರಿಂದ ರಬ್ಬರಿನ ಲೆಕ್ಕವನ್ನು ರಬ್ಬರಿನ ಬೆಲೆಯಲ್ಲಿ ಮಾತ್ರ ಹಾಕಬಾರದು.

ಈ ದಾರಿಗೆ ಬರುವ ಮೊದಲು ಎಲ್ಲರೂ ಹೇಳುವ ಔಷಧಿಗಳನ್ನೆಲ್ಲ ಪ್ರಯೋಗಿಸಿ ನೋಡಿದ್ದೇನೆ. ಪೆಟ್ರೋಲಿನಲ್ಲಿ ಮತ್ತು ಸೀಮೆಎಣ್ಣೆಯಲ್ಲಿ ಹಾಕಿದ ರಬ್ಬರು ಒಂದೇ ರಾತ್ರಿಯಲ್ಲಿ ಉಬ್ಬಿ ಮೆತ್ತಗಾಗಿ ಆಸೆ ಹುಟ್ಟಿಸುತ್ತದೆ. ಆದರೆ ಒಣಗಿದ ಮೇಲೆ, ಒಳಗೆ ಉಳಿದಿದ್ದ ಅಲ್ಪಸ್ವಲ್ಪ ಜಿಡ್ಡನ್ನೂ ಕಳೆದುಕೊಂಡು, ಮೊದಲಿಗಿಂತ ಗಟ್ಟಿಯಾಗಿ ಕುಗ್ಗುತ್ತದೆ. ಬ್ರೇಕ್ ಆಯಿಲ್ ಸ್ವಲ್ಪ ಕೆಲಸ ಮಾಡುತ್ತದೆ ಎನ್ನುವುದು ನಿಜ, ಆದರೆ ಮೇಲ್ಮೈ ಅಂಟಂಟಾಗುತ್ತದೆ. ಮೇಲಾಗಿ ಅದರ ಒಂದು ಹನಿ ಟ್ಯಾಂಕಿನ ಮೇಲೆ ಬಿದ್ದರೆ ಬಣ್ಣ ಏಳುತ್ತದೆ. ಹರಳೆಣ್ಣೆಯನ್ನು ಒಂದು ಮಳೆಗಾಲ ಪೂರ್ತಿ ಹಚ್ಚಿ ನೋಡಿದೆ, ರಬ್ಬರು ಹೊಳೆಯಿತೇ ಹೊರತು ಬಗ್ಗಲಿಲ್ಲ. ಸಿಲಿಕೋನ್ ಸ್ಪ್ರೇಯದೂ ಅದೇ ಕಥೆ, ಹೊಳಪಿಗೆ ಮಾತ್ರ ಬೆಲೆ ಹೆಚ್ಚು. ಬಿಸಿನೀರಿನಲ್ಲಿ ಅದ್ದಿದರೆ ಗಾಡಿಗೆ ಜೋಡಿಸುವಷ್ಟು ಹೊತ್ತು ಮೆತ್ತಗಿರುತ್ತದೆ, ತಣ್ಣಗಾದ ಮೇಲೆ ಯಥಾಸ್ಥಿತಿ. ಇವೆಲ್ಲದರ ಮೇಲೆ, ಹಾಳಾದ ರಬ್ಬರುಗಳ ಬೆಲೆಯೂ ಸೇರಿ, ನಾಲ್ಕೈದು ಸಾವಿರ ರೂಪಾಯಿಯಾದರೂ ಕಳೆದಿರಬೇಕು.

ವಿಂಟರ್‌ಗ್ರೀನ್ ಎಣ್ಣೆ ನಮಗೆ ಹೊಸದೇನಲ್ಲ. ನೋವಿನ ಮುಲಾಮುಗಳ ಡಬ್ಬಿಯ ಮೇಲೆ ಗಂಧಪುರ ತೈಲ ಎಂದು ಬರೆದಿರುವುದು ಇದೇ. ನೀಲಗಿರಿಯ ಬೆಟ್ಟಗಳಲ್ಲಿ ಇದರ ಗಿಡ ಬೆಳೆಯುತ್ತದೆ, ಊಟಿಯ ಅಂಗಡಿಗಳಲ್ಲಿ ನೀಲಗಿರಿ ಎಣ್ಣೆಯ ಪಕ್ಕದಲ್ಲಿಯೇ ಇಟ್ಟು ಮಾರುತ್ತಾರೆ. ಅಲ್ಲಿಂದ ತರಿಸಿದ ಮೊದಲ ಬಾಟಲಿಗಳಲ್ಲಿ ಒಂದರಿಂದ ಏನೂ ಆಗಲಿಲ್ಲ, ಇನ್ನೊಂದರಿಂದ ರಬ್ಬರು ಎರಡೇ ದಿನದಲ್ಲಿ ಬಗ್ಗಿತು. ಕಾರಣ ತಿಳಿಯಲು ಒಂದು ಗಾಜಿನ ಲೋಟ ನೀರು ಸಾಕಾಯಿತು. ಅಪ್ಪಟ ವಿಂಟರ್‌ಗ್ರೀನ್ ಎಣ್ಣೆ ನೀರಿಗಿಂತ ಭಾರ, ಒಂದು ಮಿಲಿಲೀಟರಿಗೆ ಸುಮಾರು 1.18 ಗ್ರಾಂ ತೂಗುತ್ತದೆ. ಹನಿ ಬಿಟ್ಟರೆ ಗುಂಡಗೆ ಮುತ್ತಿನಂತೆ ತಳಕ್ಕೆ ಇಳಿದು ಕೂರಬೇಕು. ಕೆಲಸ ಮಾಡದ ಬಾಟಲಿಯ ಹನಿ ಮೇಲೆಯೇ ಹರಡಿಕೊಂಡಿತು, ಅಂದರೆ ಅದರಲ್ಲಿದ್ದದ್ದು ಬಹುಪಾಲು ಬೇರೆ ಯಾವುದೋ ಹಗುರ ಎಣ್ಣೆ. ಅಂದಿನಿಂದ ಲೋಟದ ಪರೀಕ್ಷೆ ಮಾಡದೆ ಯಾವ ಬಾಟಲಿಯನ್ನೂ ಬಳಸಿಲ್ಲ. ಆಮೇಲೆ ಊಟಿಯ ಎಣ್ಣೆಯನ್ನೇ ಬಿಟ್ಟೆ: ಗಿಡದ ಎಣ್ಣೆಯಲ್ಲಿ ಕೆಲಸ ಮಾಡುವುದು ಅದರ ಬಹುಪಾಲಾಗಿರುವ ಮೀಥೈಲ್ ಸ್ಯಾಲಿಸಿಲೇಟ್, ಅದೇ ವಸ್ತುವನ್ನು ಕಾರ್ಖಾನೆಯಲ್ಲಿ ತಯಾರಿಸಿದ್ದು ಬೆಂಗಳೂರಿನ ಕೆಮಿಕಲ್ ವ್ಯಾಪಾರಿಗಳಲ್ಲಿ ಲೀಟರಿಗೆ ಆರೇಳು ನೂರಕ್ಕೆ ಸಿಗುತ್ತದೆ. ಊಟಿಯ ಅಂಗಡಿಯಲ್ಲಿ ಅಷ್ಟೇ ದುಡ್ಡಿಗೆ ಇನ್ನೂರು, ಇನ್ನೂರೈವತ್ತು ಮಿಲಿಲೀಟರ್ ಬರುತ್ತಿತ್ತು.

ಎಣ್ಣೆಯೊಂದನ್ನೇ ಸುರಿದರೆ ಖರ್ಚು ಹೆಚ್ಚು, ಒಳಗಿಳಿಯುವುದೂ ನಿಧಾನ. ಅದನ್ನು ಒಳಗೆ ಕೊಂಡೊಯ್ಯುವ ಇನ್ನೊಂದು ದ್ರವ ಬೇಕು. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಶೇಕಡಾ 70ರ ಐಸೋಪ್ರೊಪೈಲ್ ಆಲ್ಕೊಹಾಲಿಗೆ ಬೆರೆಸಿದೊಡನೆ ಮಿಶ್ರಣ ಹಾಲಿನಂತೆ ಬೆಳ್ಳಗಾಗಿ, ಸ್ವಲ್ಪ ಹೊತ್ತಿಗೆ ಎಣ್ಣೆ ಬೇರೆಯಾಗಿ ತಳಕ್ಕೆ ಕುಳಿತಿತು, ಏಕೆಂದರೆ ಉಳಿದ ಮೂವತ್ತು ಭಾಗ ನೀರು, ನೀರಿಗೂ ಈ ಎಣ್ಣೆಗೂ ಆಗಿಬರುವುದಿಲ್ಲ. ಶೇಕಡಾ 99ರದ್ದು ತಂದಾಗ ತಿಳಿಯಾಗಿ ಬೆರೆಯಿತು. ಅದಕ್ಕಿಂತ ಬೇಗ ಕೆಲಸ ಮಾಡುವುದು ಬಣ್ಣ ತೆಳುಮಾಡಲು ಬಳಸುವ ಝೈಲೀನ್ ಎಂಬ ದ್ರಾವಕ. ಬಣ್ಣದಂಗಡಿಯ ಎನ್‌ಸಿ ಥಿನ್ನರ್ ಬೇಡ. ಅದರಲ್ಲಿ ಏನೇನು ಬೆರೆಸಿರುತ್ತಾರೋ ಡಬ್ಬಿಯಿಂದ ಡಬ್ಬಿಗೆ ಬದಲಾಗುತ್ತದೆ. ನನ್ನ ಅಳತೆ ಒಂದು ಪಾಲು ಎಣ್ಣೆಗೆ ಮೂರು ಪಾಲು ಝೈಲೀನ್. ತೆಳುವಾದ ಗ್ರಾಮೆಟ್ಟುಗಳಿಗೆ (ತೂತಿಗೆ ಕೂರಿಸುವ ರಬ್ಬರ್ ಬಳೆಗಳಿಗೆ) ಮತ್ತು ಲೋಹಕ್ಕೆ ಬೆಸೆದ ರಬ್ಬರುಗಳಿಗೆ ಝೈಲೀನ್ ಬದಲು ಆಲ್ಕೊಹಾಲ್.

ನೀರಿನಲ್ಲಿ ಎಣ್ಣೆ ಹಾಕಿ ಕಾಯಿಸುವ ವಿಧಾನವನ್ನೂ ಕೆಲವರು ಹೇಳುತ್ತಾರೆ. ಕುದಿ ಬರಲು ಬಿಡದೆ ಕಾಯಿಸಿದಾಗ ಎಣ್ಣೆಯೆಲ್ಲ ತಳದಲ್ಲಿ ನಿಂತು, ಪಾತ್ರೆಯ ತಳ ಮುಟ್ಟಿದ್ದ ಅರ್ಧ ರಬ್ಬರು ಮೆತ್ತಗಾಗಿ ಮೇಲಿನರ್ಧ ಹಾಗೆಯೇ ಉಳಿಯಿತು. ಮನೆಯಲ್ಲಿ ಆ ವಾಸನೆ ಹೋಗಲು ವಾರ ಹಿಡಿಯಿತು, ಪಾತ್ರೆ ಅಡುಗೆಮನೆಗೆ ಮರಳಲೇ ಇಲ್ಲ.

ನೆನೆಹಾಕಲು ಅಗಲ ಬಾಯಿಯ ಗಾಜಿನ ಉಪ್ಪಿನಕಾಯಿ ಬಾಟಲಿ ಒಳ್ಳೆಯದು. ಗಡಸಾದ ಅಗ್ಗದ ಪ್ಲಾಸ್ಟಿಕ್ ಡಬ್ಬಿ ಝೈಲೀನಿಗೆ ಕರಗಿ ರಬ್ಬರಿಗೆ ಮೆತ್ತಿಕೊಳ್ಳುತ್ತದೆ. ರಬ್ಬರನ್ನು ಮೊದಲು ಸೋಪಿನ ನೀರಿನಲ್ಲಿ ಉಜ್ಜಿ, ಗ್ರೀಸು ಪೂರ್ತಿ ತೆಗೆದು, ಒಣಗಿಸಿ ಮುಳುಗಿಸಬೇಕು. ದಿನಕ್ಕೊಮ್ಮೆ ಮಗುಚಿ ಹಾಕಿದರೆ ಸಾಕು. ಆರ್‌ಎಕ್ಸ್‌ನ ಏರ್‌ಫಿಲ್ಟರ್ ಜಾಯಿಂಟಿಗೆ ಬೇಸಿಗೆಯಲ್ಲಿ ಎರಡು ಮೂರು ದಿನ ಹಿಡಿದರೆ, ನಮ್ಮ ಡಿಸೆಂಬರ್ ಚಳಿಯಲ್ಲಿ ಐದಾರು ದಿನ ಹಿಡಿಯುತ್ತದೆ. ಬಿಸಿನೀರಿನ ಬಕೆಟ್ಟಿನಲ್ಲಿ ಬಾಟಲಿ ಇಟ್ಟು ಬೇಗ ಮುಗಿಸಬಹುದು, ಆದರೆ ಒಲೆಯ ಹತ್ತಿರ ತರಕೂಡದು, ಏಕೆಂದರೆ ಝೈಲೀನ್ 30 ಡಿಗ್ರಿಯ ಆಸುಪಾಸಿನಲ್ಲಿಯೇ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ದ್ರವ ಎರಡನೆಯ ದಿನಕ್ಕೆ ಬೆಲ್ಲದ ನೀರಿನ ಬಣ್ಣಕ್ಕೆ ತಿರುಗುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ; ಸೋಸಿಟ್ಟು ಏಳೆಂಟು ಸಲ ಬಳಸಿದ್ದೇನೆ.

ಬಾಟಲಿಯಿಂದ ತೆಗೆದ ರಬ್ಬರನ್ನು ನೋಡಿ ಹೆದರುವವರೇ ಹೆಚ್ಚು. ಅದು ಹಿಗ್ಗಿ, ಬಾಯಿ ಅಗಲವಾಗಿ, ಕ್ಲಾಂಪಿನ ಎರಡು ತುದಿ ಒಂದಕ್ಕೊಂದು ಮುಟ್ಟದಂತಾಗಿರುತ್ತದೆ. ಒತ್ತಿದರೆ ಬೇಯಿಸಿದ ಹಲಸಿನ ತೊಳೆಯಂತೆ ಬೆರಳು ಇಳಿಯುತ್ತದೆ. ಈ ಸ್ಥಿತಿಯಲ್ಲಿ ಜೋಡಿಸಿದರೆ ಕ್ಲಾಂಪು ಕೊರೆದುಕೊಂಡು ಹೋಗುತ್ತದೆ. ವಾರದಿಂದ ಹತ್ತು ದಿನ ನೆರಳಿನಲ್ಲಿ ಗಾಳಿಗೆ ಇಡಬೇಕು, ಝೈಲೀನ್ ಹೊರಟುಹೋಗಿ ಎಣ್ಣೆ ಒಳಗೆ ಉಳಿಯುತ್ತದೆ, ರಬ್ಬರು ಹೆಚ್ಚುಕಡಿಮೆ ಹಳೆಯ ಅಳತೆಗೆ ಬರುತ್ತದೆ. ಆಷಾಢದ ಮಳೆಯಲ್ಲಿ ಇಷ್ಟೇ ಕೆಲಸಕ್ಕೆ ಮೂರು ವಾರ ಹಿಡಿದದ್ದಿದೆ. ವರ್ಷಗಟ್ಟಲೆ ಕ್ಲಾಂಪಿನ ಬಿಗಿಗೆ ಸೊಟ್ಟಗಾದ ಬಾಯಿಯನ್ನು ದುಂಡಗೆ ತರುವ ಸಮಯವೂ ಇದೇ. ತೋಟದಲ್ಲಿ ಕಡಿದು ಹಾಕಿದ ಹಳೆಯ ರೊಬಸ್ಟಾ ಕಾಂಡವನ್ನು ಲೇತ್‌ನಲ್ಲಿ ತಿರುಗಿಸಿ, ಕಾರ್ಬರೇಟರಿನ ಬಾಯಿಯ ಅಳತೆಗಿಂತ ಕೂದಲೆಳೆಯಷ್ಟು ಚಿಕ್ಕದಾದ ಮರದ ಬಿರಡೆಗಳನ್ನು ಮಾಡಿಸಿಕೊಂಡಿದ್ದೇನೆ. ಅವನ್ನು ಬಾಯಿಗೆ ತುರುಕಿ ಒಣಗಲು ಬಿಟ್ಟರೆ ಆಕಾರ ನಿಲ್ಲುತ್ತದೆ. ಕಾಫಿ ಮರ ಗಟ್ಟಿ, ನಯವಾಗಿ ಬರುತ್ತದೆ, ಮತ್ತು ಪುಕ್ಕಟೆ.

ಮೆತ್ತಗಾಯಿತು ಎಂಬ ಬಾಯಿಮಾತು ಯಾರಿಗೂ ಸಾಲದೆಂದು, ರಬ್ಬರಿನ ಗಡಸುತನ ಅಳೆಯುವ (ಅಂಕ ಹೆಚ್ಚಿದಷ್ಟೂ ಗಡಸು) ಶೋರ್ ಎ ಮೀಟರನ್ನು ಎರಡು ಸಾವಿರದ ಹತ್ತಿರ ಕೊಟ್ಟು ತರಿಸಿದೆ. ನೆನಪಿನಿಂದ ಹೇಳುವುದಾದರೆ, ಒಣಗಿದ ಮ್ಯಾನಿಫೋಲ್ಡ್ 85ರಿಂದ 90 ತೋರಿಸುತ್ತಿತ್ತು, ಬಾಟಲಿಯಿಂದ ತೆಗೆದಾಗ 50ಕ್ಕೆ ಇಳಿದು, ಒಣಗಿ ನಿಂತ ಮೇಲೆ 62–65ರಲ್ಲಿ ನೆಲೆಯಾಯಿತು. ಹಾಸನದ ಮೇಸ್ತ್ರಿ ಮುಳ್ಳನ್ನು ತಾವೇ ಒತ್ತಿ ನೋಡಿದ ಮೇಲೆ ಮಾತನಾಡಲಿಲ್ಲ, ಅಂಗಡಿಯ ಮೂಲೆಯಿಂದ ಯೆಜ್ಡಿಯ ಒಂದು ರಾಶಿ ರಬ್ಬರು ತಂದು ಮುಂದಿಟ್ಟರು.

ಒಣಗಿದ ಮೇಲೆ ನಾನು ಕೊನೆಯದಾಗಿ ಒಂದು ವಸ್ತುವನ್ನು ತೆಳ್ಳಗೆ ತಿಕ್ಕಿ ಒಂದು ರಾತ್ರಿ ಬಿಡುತ್ತೇನೆ; ಬೂದುಬಣ್ಣ ಹೋಗಿ ಕಂಪನಿಯ ಕಪ್ಪು ಬರುವುದು ಅದರಿಂದಲೇ. ಅದೇನೆಂದು ಇಲ್ಲಿ ಬರೆಯುವುದಿಲ್ಲ, ಅದರಿಂದ ನನಗೆ ನಾಲ್ಕು ಕಾಸು ಬರುತ್ತದೆ. ಪೆಟ್ರೋಲಿಯಂ ಜೆಲ್ಲಿ ಅಲ್ಲ ಎಂದಷ್ಟೇ ಹೇಳಬಲ್ಲೆ.

ಈ ನಡುವೆ ಬೇರೆಯವುಗಳ ಮೇಲೂ ಕೈಯಾಡಿಸಿದೆ. ಜಾವಾ ಟ್ಯಾಂಕಿನ ಮೊಣಕಾಲು ಪ್ಯಾಡುಗಳು ಚೆನ್ನಾಗಿ ಬಂದವು, ಕಿಕ್ಕರ್ ರಬ್ಬರು ಇನ್ನೂ ಚೆನ್ನಾಗಿ. ಮುಚ್ಚಿಹೋದ ಟೈಪಿಂಗ್ ಇನ್‌ಸ್ಟಿಟ್ಯೂಟ್ ಒಂದರ ಟೈಪ್‌ರೈಟರ್ ಉರುಳೆಯನ್ನು ಮುಳುಗಿಸದೆ ಆಲ್ಕೊಹಾಲ್ ಮಿಶ್ರಣದಲ್ಲಿ ಅದ್ದಿದ ಬಟ್ಟೆಯಿಂದ ಹತ್ತಾರು ಸಲ ಒರೆಸಿದಾಗ ಕಾಗದ ಮತ್ತೆ ಹಿಡಿಯತೊಡಗಿತು. ಬೋರ್ಡೋ ದ್ರಾವಣ ಸಿಂಪಡಿಸುವ ಪಂಪಿನ ವಾಷರಿನ ಮೇಲಿನ ಪ್ರಯೋಗ ಮಾತ್ರ ದಂಡ, ಹೊಸ ವಾಷರಿನ ಬೆಲೆಗಿಂತ ಎಣ್ಣೆಯ ಬೆಲೆಯೇ ಹೆಚ್ಚಾಯಿತು. ಸಿಲಿಕೋನ್ ರಬ್ಬರಿಗೆ ಇದರಿಂದ ಉಪಯೋಗವಿಲ್ಲ.

ಲೋಹದ ಫ್ಲೇಂಜಿಗೆ ಬೆಸೆದ ಮ್ಯಾನಿಫೋಲ್ಡನ್ನು ಝೈಲೀನಿನಲ್ಲಿ ಬಹಳ ದಿನ ಬಿಟ್ಟರೆ ಹಿಗ್ಗುವ ರಭಸಕ್ಕೆ ಬೆಸುಗೆಯೇ ಬಿಡಬಹುದು, ಅದಕ್ಕೇ ಆಲ್ಕೊಹಾಲ್ ಎಂದದ್ದು; ಝೈಲೀನಿನಲ್ಲಿಯೇ ಹಾಕಿದರೆ ದಿನಕ್ಕೆರಡು ಸಲ ತೆಗೆದು ಅಂಚನ್ನು ನೋಡುತ್ತಿರಬೇಕು. ಬ್ರೇಕ್ ಹೋಸು, ಬ್ರೇಕಿನ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್, ಕ್ರ್ಯಾಂಕ್ ಮತ್ತು ಫೋರ್ಕ್ ಸೀಲುಗಳನ್ನು ಯಾರೇ ತಂದರೂ ನಾನು ಬಾಟಲಿಗೆ ಹಾಕುವುದಿಲ್ಲ; ಅವುಗಳ ತುಟಿಯ ಅಳತೆ ಎಳೆಯಷ್ಟು ಬದಲಾದರೂ ಕೆಲಸ ಕೆಡುತ್ತದೆ, ಹೊಸದು ಹಾಕಿಸುವುದೇ ಅಗ್ಗ. ಪೆಟ್ರೋಲ್ ಪೈಪನ್ನೂ ಹಾಗೆಯೇ, ಎಥೆನಾಲ್ ಬೆರೆತ ಈಗಿನ ಪೆಟ್ರೋಲನ್ನು ತಾಳುವ ಹೊಸ ಪೈಪು ಮೀಟರ್ ಲೆಕ್ಕದಲ್ಲಿ ಸಿಗುತ್ತಿರುವಾಗ ಹಳೆಯದನ್ನು ಉಳಿಸಿ ಏನು ಮಾಡುವುದು?

ಎಣ್ಣೆಯ ಪರಿಮಳ ಮಿಠಾಯಿಯಂತಿದೆ, ಅಪಾಯವಿರುವುದೂ ಅಲ್ಲಿಯೇ. ಒಂದು ಟೀ ಚಮಚ ಎಣ್ಣೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆಗಳಷ್ಟು ವಿಷವಿರುತ್ತದೆ, ಚಿಕ್ಕ ಮಗುವಿನ ಪ್ರಾಣಕ್ಕೆ ಅಷ್ಟೇ ಸಾಕು. ನನ್ನ ಬಾಟಲಿಗಳು ಬೀಗ ಹಾಕಿದ ಪೆಟ್ಟಿಗೆಯಲ್ಲಿರುತ್ತವೆ. ಚರ್ಮದ ಮೂಲಕವೂ ಒಳಗಿಳಿಯುವ ವಸ್ತುವಾದ್ದರಿಂದ ಕೈಗವಸು ಬೇಕು. ಝೈಲೀನ್ ಅದನ್ನೂ ಉಬ್ಬಿಸುತ್ತದೆ, ಆಗಾಗ ಬದಲಿಸಬೇಕು.

ಮೊದಲು ಮಾಡಿದ ಏರ್‌ಫಿಲ್ಟರ್ ಜಾಯಿಂಟುಗಳು ಎರಡು ಮಳೆಗಾಲ ದಾಟಿದರೂ ಬಗ್ಗುತ್ತಿವೆ. ಇಂಜಿನ್ನಿನ ಬಿಸಿಗೆ ಹತ್ತಿರವಿರುವ ಮ್ಯಾನಿಫೋಲ್ಡುಗಳಲ್ಲಿ ಕೆಲವು ವರ್ಷ, ಒಂದೂವರೆ ವರ್ಷದಲ್ಲಿ 75ರ ಹತ್ತಿರ ಏರಿವೆ, ಅವನ್ನು ಮತ್ತೊಮ್ಮೆ ಒಂದು ದಿನ ನೆನೆಹಾಕಿದೆ. ಬಿರುಕನ್ನು ಈ ಎಣ್ಣೆ ಮುಚ್ಚುವುದಿಲ್ಲ, ಹಿಗ್ಗಿದಾಗ ಬಿರುಕು ಇನ್ನೂ ಬಾಯಿಬಿಡುತ್ತದೆ. ಅದಕ್ಕೇ ಪೊಟ್ಟಣ ಬಂದೊಡನೆ ಪ್ರತಿಯೊಂದನ್ನೂ ಬಿಸಿನೀರಿನಲ್ಲಿ ಅದ್ದಿ, ಮಡಿಸಿ, ಟಾರ್ಚ್ ಬಿಟ್ಟು ನೋಡುತ್ತೇನೆ. ನೂಲು ಕಾಣುವಷ್ಟು ಸೀಳಿದ್ದರೆ ವಾಪಸು ಕಳಿಸುತ್ತೇನೆ, ಉಳಿದದ್ದಕ್ಕೆ ಒಂದಕ್ಕೆ ನೂರೈವತ್ತು ರೂಪಾಯಿ, ಬಸ್ಸಿನ ಖರ್ಚು ಕಳಿಸಿದವರದು.